ಹಳೇ ಟೀಚರ್ ನಂಬರ್

ಮಗಳಿಗೆ ವಿಯೆಟ್ನಾಮಿನ ಶಾಲೆಯೊಂದರಿಂದ ಇಂಗ್ಲಿಷ್ ಕಲಿಸುವ ಕೆಲಸದ ಆಫರ್ ಬಂತು. ಅಪ್ಪ ಕನ್ನಡಕ ಒರೆಸಿಕೊಂಡು ಕೂತರು. ಕರಾರನ್ನು ಒಂದು ಸಾಲೂ ಬಿಡದೆ ಓದಿದರು. ವೀಸಾ ಯಾರು ಮಾಡಿಸುತ್ತಾರೆ, ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ, ಜ್ವರ ಬಂದರೆ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಎಂದು ಫೋನಿನಲ್ಲಿ ಶಾಲೆಯವರನ್ನು ಜಾಲಾಡಿದರು. ಪಾಪ, ಅವರು ಎಲ್ಲಕ್ಕೂ ಉತ್ತರ ಕೊಟ್ಟರು. ಕೊನೆಗೆ ಅಪ್ಪ ಅಲ್ಲಿ ಮೊದಲಿದ್ದ ಟೀಚರ್ ನಂಬರನ್ನೂ ಕೇಳಿ ಪಡೆದರು.

"ಬಿಟ್ಟು ಹೋದೋರನ್ನ ಕೇಳ್ಬೇಕಮ್ಮ. ಒಳಗಿನ ಸತ್ಯ ಅವರಿಗೇ ಗೊತ್ತಿರೋದು."

ಆ ಟೀಚರ್ ಶಾಲೆಯನ್ನು ಬಾಯ್ತುಂಬ ಹೊಗಳಿದರು. ಕ್ಯಾಂಟೀನಿನ ಊಟ ಮಾತ್ರ ಸ್ವಲ್ಪ ಸಪ್ಪೆ ಎಂದರು. ಅಪ್ಪನಿಗೆ ಅಷ್ಟು ಸಾಕಾಯಿತು.

"ನೋಡಿದ್ಯಾ? ಗುರುತು ಪರಿಚಯ ಇಲ್ಲದ ದೇಶ, ಊಟ ಬೇರೆ ಸರಿಯಿಲ್ಲ. ಬೇಡ ಅಂತ ಬರೆದು ಹಾಕು."

ಮಗಳು ಬರೆದು ಹಾಕಿದಳು.

ಮುಂದಿನ ಭಾನುವಾರ ಅಪ್ಪ ತಂಗಿಯ ಮನೆಯಿಂದ ಪೇಡೆ ಡಬ್ಬಿ ಹಿಡಿದು ಬಂದರು.

"ನಿಮ್ಮತ್ತೆ ಒಂದು ಸಂಬಂಧ ತಂದಿದಾಳೆ. ಹುಡುಗ ವಿಯೆಟ್ನಾಮಲ್ಲೇ ಇದಾನಂತೆ! ಆಗಲಿ ಅಂದ್ಬಿಟ್ಟೆ."

"ಅವನ ಹತ್ರ ಮಾತಾಡಿದ್ರಾ?"

"ಫೋಟೋ ನೋಡಿದೆ. ಲಕ್ಷಣವಾಗಿದಾನೆ."

"ಏನು ಕೆಲಸ?"

"ಯಾವುದೋ ಕಂಪನಿಯಂತೆ. ಜಾಸ್ತಿ ಕೆದಕಿದ್ರೆ ಅವರು ಬೇಜಾರು ಮಾಡ್ಕೋತಾರೆ. ಹಿಂದೆ ಸಣ್ಣದೊಂದು ಡೈವೋರ್ಸ್ ಆಗಿದೆ, ಅಷ್ಟೇ. ತಗೋ, ಪೇಡೆ ತಿನ್ನು."

ಮಗಳು ಪೇಡೆ ತೆಗೆದುಕೊಳ್ಳಲಿಲ್ಲ. ಫೋನ್ ಕೈಗೆತ್ತಿಕೊಂಡಳು.

"ಬಿಟ್ಟು ಹೋದೋರ ನಂಬರ್ ಕೊಡಿ ಅಪ್ಪ."