ಕೆಂಪು ಬಲ್ಬಿನ ಕೆಳಗೆ ಆರು ಟ್ರೇ

ನಾಲ್ಕನೆಯ ಟ್ರೇಯೂ ಕೈಕೊಟ್ಟಿತು.

ಅವಳು ಒಂದು ನಾಚೋ ಎತ್ತಿ ಕಚ್ಚಿದಳು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಆಮೇಲೆ ಬಾಯಿ ಮುಕ್ಕಳಿಸಿ ಬಟ್ಟಲಿಗೆ ಉಗಿದಳು.

"ಹನ್ನೆರಡು ನಿಮಿಷ ಇಟ್ಟಿದ್ದೀರಿ. ಎರಡು ಜಾಸ್ತಿ ಆಯ್ತು. ಉಪ್ಪು ಸರಿ. ನಿಂಬೆಹುಳಿ ಸ್ವಲ್ಪ ಮುಂದಿದೆ."

"ಇನ್ನೇನು?"

"ಇನ್ನೇನಿಲ್ಲ. ಚೀಸ್ ಚೆನ್ನಾಗಿದೆ."

ಗಂಡ ಹಲ್ಲು ಕಚ್ಚಿಕೊಂಡು, ಫ್ರಿಜ್ಜಿನ ಮೇಲಿದ್ದ ಹಾಳೆಯಲ್ಲಿ ಏನೋ ಗೀಚಿದ. ಟ್ರೇಯನ್ನು ಸಿಂಕಿನೊಳಗೆ ಬಿಸಾಡಿದ.

ಮಧ್ಯಾಹ್ನ ಮೂರು ಗಂಟೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಪಾಸಾದರೆ ಕೆಲಸ, ಇಲ್ಲವಾದರೆ ಇಲ್ಲ. ಅವನು ದುಡಿಯುತ್ತಿದ್ದ ಲೇತ್ ವರ್ಕ್‌ಶಾಪ್ ಬಾಗಿಲು ಹಾಕಿ ಏಳು ತಿಂಗಳಾಗಿತ್ತು. ಅವಳು ತಿಂಡಿ ಕಂಪನಿಯಲ್ಲಿ ಹದಿನಾಲ್ಕು ವರ್ಷಗಳಿಂದ ರುಚಿ ನೋಡುವವಳು. ಅವಳು ತಲೆಯಾಡಿಸದೆ ಅಲ್ಲಿಂದ ಒಂದು ಪೊಟ್ಟಣವೂ ಗೇಟು ದಾಟಿದ್ದಿಲ್ಲ. ಈಗ ಕಂಪನಿ ಹೊಸದಾಗಿ ನಾಚೋಸ್, ಅಂದರೆ ಚೀಸ್ ಹಾಕಿದ ಜೋಳದ ಚಿಪ್ಸ್, ಮಾಡಲು ಹೊರಟಿತ್ತು. ಪರೀಕ್ಷೆಯೂ ಅದರ ಮೇಲೆಯೇ.

ಕಂಪನಿಯ ಪದ್ಧತಿ ಮನೆಯ ಅಡುಗೆಮನೆಗೂ ಬಂದಿತ್ತು. ಕಿಟಕಿಗೆ ದಪ್ಪ ಪರದೆ, ಹೋಲ್ಡರಿನಲ್ಲಿ ಕೆಂಪು ಬಲ್ಬು. ಆ ಬೆಳಕಿನಲ್ಲಿ ಟೊಮೇಟೊ, ಈರುಳ್ಳಿ, ಸೊಪ್ಪು ಎಲ್ಲಕ್ಕೂ ಒಂದೇ ಬಣ್ಣ. ಕಣ್ಣು ಹೋಗಿ ನಾಲಿಗೆಗೆ ಚಾಡಿ ಹೇಳುವಂತಿಲ್ಲ.

"ಇದೇನು ಅಳಿಯಂದ್ರೆ, ಅಡುಗೆಮನೆಯೋ ಫೋಟೋ ತೊಳೆಯೋ ಕತ್ತಲೆಕೋಣೆಯೋ?" ಬಾಗಿಲಲ್ಲಿ ಅತ್ತೆ. ಮಗಳಿಗೆ ಜ್ವರವೆಂದು ನೋಡಿಕೊಳ್ಳಲು ಬಂದು ಮೂರು ವಾರದಿಂದ ಇಲ್ಲೇ ಇದ್ದರು.

"ನಾಳೆ ಪರೀಕ್ಷೆ ಅಲ್ವಾ ಅತ್ತೆ."

"ಕ್ಯಾಂಟೀನಿಗೆ ತಾನೇ? ಲೇತ್ ಹಿಡಿದ ಕೈಗೆ ಸೌಟು ಕೊಟ್ಟರೆ ಹೀಗೇ ಆಗೋದು. ಜ್ವರದಿಂದ ಎದ್ದವಳಿಗೆ ಇದನ್ನೇ ತಿನ್ನಿಸಿ ತಿನ್ನಿಸಿ ಮತ್ತೆ ಮಲಗಿಸಬೇಡಿ."

ಅವನು ಹೊಸ ಚಿಪ್ಸ್ ಪೊಟ್ಟಣ ಒಡೆದ. ಅವಳು ಬಟ್ಟಲು ತೊಳೆದು ತಂದಳು.

ಐದನೆಯ ಟ್ರೇ. ಚಿಪ್ಸನ್ನು ಒಂದರ ಅಂಚಿಗೆ ಒಂದು ತಾಗುವಂತೆ, ವಾಷರ್ ಜೋಡಿಸಿದ ಹಾಗೆ ಜೋಡಿಸಿದ. ಚೀಸ್ ತುರಿಯುವಾಗ ಮುಖ ಪಕ್ಕಕ್ಕೆ ತಿರುಗಿಸಿದ. ಓವನ್ನಿಗೆ ತಳ್ಳಿದ. ಟೊಮೇಟೊ ಒಳಗಿನ ನೀರು, ಬೀಜ ಹಿಂಡಿ ತೆಗೆದು ಹೆಚ್ಚಿದ. ಹಸಿ ಪದಾರ್ಥವೆಲ್ಲ ಓವನ್ನಿನಿಂದ ತೆಗೆದ ಮೇಲೆ ಬೀಳಬೇಕು, ಇಲ್ಲದಿದ್ದರೆ ಚಿಪ್ಸ್ ಮೆತ್ತಗಾಗುತ್ತದೆ. ಅಷ್ಟರಲ್ಲಿ ಅತ್ತೆ ಹಿತ್ತಲಿನಿಂದ ಕೂಗಿದರು. ಬಟ್ಟೆ ಒಣಹಾಕುವ ತಂತಿ ಕಳಚಿ ಬಿದ್ದಿತ್ತು.

"ಓವನ್ ಕಡೆ ಗಮನ ಇರಲಿ," ಎಂದು ಹೇಳಿ ಹೊರಟ.

"ಹೂಂ," ಎಂದಳು.

ತಂತಿಯ ಎರಡನೆಯ ಗಂಟು ಬಿಗಿಯುತ್ತಿದ್ದಾಗ ಅತ್ತೆ ಮೂಗೆತ್ತಿದರು. "ಏನೋ ಸೀದ ವಾಸನೆ ಅಳಿಯಂದ್ರೆ."

ಅವನು ಓಡಿದ. ಓವನ್ನಿನ ಬಾಗಿಲ ಸಂದಿಯಿಂದ ಹೊಗೆ ಏಳುತ್ತಿತ್ತು. ಅವಳು ಅದರಿಂದ ಎರಡು ಮಾರು ದೂರದಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಕಣ್ಣು ಮುಚ್ಚಿತ್ತು, ಕೈ ಕಟ್ಟಿಕೊಂಡಿದ್ದಳು.

"ಎದುರಿಗೇ ಕೂತಿದ್ದೀಯಲ್ಲ!"

ಅವಳು ಬೆಚ್ಚಿ ಕಣ್ಣು ಬಿಟ್ಟಳು. "ಗಂಟೆ ಹೊಡೀಲಿಲ್ಲ," ಎಂದಳು.

ಟೈಮರ್ ತಿರುಗಿಸಲು ಅವನು ಮರೆತಿದ್ದ. ಕಪ್ಪಾದ ಟ್ರೇಯನ್ನು ಕಟ್ಟೆಯ ಮೇಲೆ ಕುಕ್ಕಿದ. ಹಾಳೆ ಎಳೆದುಕೊಂಡು, ಪೆನ್ಸಿಲ್ ಮೊನೆ ಮುರಿಯುವಷ್ಟು ಒತ್ತಿ ಗೀಚಿದ.

"ಗಂಡನಿಗೆ ಪಾಠ ಕಲಿಸೋಕೆ ಮನೆಗೇ ಬೆಂಕಿ ಇಡ್ತೀಯೇನೆ?" ಅತ್ತೆ ಸೆರಗಿನಿಂದ ಹೊಗೆ ಬೀಸುತ್ತ ಬೈದರು. "ಇಷ್ಟು ಕಲ್ಲು ಮನಸ್ಸಿನವಳು ಯಾವಾಗ ಆದೆ?"

ಅವಳು ಗೋಡೆಯ ಕಡೆ ತಿರುಗಿದಳು. "ಇನ್ನೊಂದು ಮಾಡಿ," ಎಂದಳು. ದನಿ ನಡುಗಿತು. ಸಿಟ್ಟು ಎಂದುಕೊಂಡು ಅತ್ತೆ ಹೊರಗೆ ಹೋದರು.

"ಸಾಕು ಬಿಡು," ಎಂದ ಅವನು. "ಬೆಳಿಗ್ಗೆಯಿಂದ ನೋಡ್ತಿದ್ದೀನಿ. ಆಗ್ತಾ ಇಲ್ಲ."

"ಒಂದೇ ಒಂದು ರೀ."

ಆರನೆಯದಕ್ಕೆ ಹೊಸ ಚೀಸ್ ತೆಗೆದ. ಟೈಮರ್ ತಿರುಗಿಸಿದ. ಸರಿಯಾಗಿ ಹತ್ತು ನಿಮಿಷ. ಟೊಮೇಟೊ, ಈರುಳ್ಳಿ ಬಿದ್ದವು. ಅವಳಿಗೆ ಬೆನ್ನು ಹಾಕಿ ಸೊಪ್ಪನ್ನು ಪುಡಿಯಾಗುವಷ್ಟು ಸಣ್ಣಗೆ ಕೊಚ್ಚಿ ಮೇಲೆ ಉದುರಿಸಿದ. ಟ್ರೇ ಅವಳ ಮುಂದಿಟ್ಟು ಉಸಿರು ಬಿಗಿಹಿಡಿದು ನಿಂತ.

ಅವಳು ಕಚ್ಚಿದಳು.

"ಹತ್ತು ನಿಮಿಷ. ಗರಿಗರಿ ಇದೆ. ಉಪ್ಪು ಸರಿ, ಹುಳಿ ಸರಿ."

"ಇನ್ನೇನು?"

ಅವಳು ಇನ್ನೊಂದು ಕಚ್ಚಿದಳು. ಬಹಳ ಹೊತ್ತು ಅಗಿದಳು.

"ಕೊತ್ತಂಬರಿ," ಎಂದಳು ಕೊನೆಗೆ. "ಈಗ ತಾನೇ ಹೆಚ್ಚಿದ್ದು. ಒಳ್ಳೆ ಘಮ."

"ಅಂತೂ ಅಳಿಯಂದ್ರನ್ನ ಪಾಸ್ ಮಾಡಿದ್ಯಲ್ಲ," ಎಂದರು ಅತ್ತೆ ಹೊರಗಿನಿಂದಲೇ.

ಅವನು ಹೋಗಿ ಕಿಟಕಿಯ ಪರದೆ ಸರಿಸಿದ. ಬಿಸಿಲು ಟ್ರೇಯ ಮೇಲೆ ಬಿತ್ತು. ಅದರ ತುಂಬ ಇದ್ದದ್ದು ಪಾಲಕ್ ಸೊಪ್ಪು. ಕೊತ್ತಂಬರಿಯ ಕಟ್ಟು ದಾರ ಬಿಚ್ಚದೆ ಕಿಟಕಿಯ ಅಂಚಿನಲ್ಲಿ ಕೂತಿತ್ತು. ಅದರ ಪಕ್ಕದಲ್ಲಿ, ಎರಡು ದಿನ ಹೊರಗಿಟ್ಟು ಅವನೇ ಬೇಕೆಂದು ಕೆಡಿಸಿದ್ದ ಚೀಸಿನ ತುಂಡು.

ಅವಳು ಎರಡನ್ನೂ ನೋಡಿದಳು. ನಂತರ ಹಾಳೆಗಾಗಿ ಕೈಚಾಚಿದಳು. ಉಪ್ಪು, ಹುಳಿ, ಗರಿ ಎಂದು ಬರೆದಿದ್ದ ಕಡೆ ಸಾಲಾಗಿ ಸರಿ ಗುರುತು. ವಾಸನೆ ಎಂದು ಬರೆದಿದ್ದ ಕಡೆ ಐದು ತಪ್ಪು. ಆರನೆಯದನ್ನು ಅವನು ಇನ್ನೂ ಹಾಕಿರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಅವಳೇ ಹಾಕಿದಳು.

ಜ್ವರ ಬಿಟ್ಟ ದಿನದಿಂದ ಮೂಗಿಗೆ ಏನೂ ತಿಳಿಯುತ್ತಿಲ್ಲ ಎಂಬುದನ್ನು ಅವಳು ಗಂಡನಿಗಲ್ಲದೆ ಹೆತ್ತ ತಾಯಿಗೂ ಹೇಳಿರಲಿಲ್ಲ. ಜ್ವರದ ರಜೆಯಿಂದ ಕೆಲಸಕ್ಕೆ ಮರಳುವ ಮುನ್ನ, ನಾಳೆ ಹತ್ತಕ್ಕೆ ಕಂಪನಿಯ ಕೆಂಪು ಬಲ್ಬಿನ ಕೆಳಗೆ ಪರೀಕ್ಷೆಗೆ ಕೂರಬೇಕಾದವಳು ಅವಳು.