ಯತೀಶನ ಡಬ್ಬಿ

ಮಗನನ್ನು ನೋಡಿಕೊಳ್ಳುವ ಕುಳ್ಳಿಯನ್ನು ಇವತ್ತು ಕೇಳಿಯೇ ಬಿಡಬೇಕೆಂದು ಆಶಾರಾಣಿ ಕೂಸಿನ ಮನೆಯ ಕಡೆ ಬಿರಬಿರನೆ ನಡೆದಳು. ಕೆರೆ ಹೂಳೆತ್ತುವ ಕೂಲಿ ಕೆಲಸ ನಿಂತಿತ್ತು. ಹಾಜರಿಯ ಫೋಟೊ ಕಳಿಸಲು ಸಿಗ್ನಲ್ ಸಿಗದೆ, ಕೂಲಿಯವರ ಉಸ್ತುವಾರಿ ನೋಡುವ ಮೇಟ್ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಕಡೆ ಬೈಕ್ ತಿರುಗಿಸಿದ್ದ, ಹೆಂಗಸರೆಲ್ಲ ಮರದ ನೆರಳಿಗೆ ಸರಿದಿದ್ದರು. ಕೆಲವು ದಿನದಿಂದ ಮಗ ಯತೀಶನ ಊಟದ ಡಬ್ಬಿ ಸಂಜೆ ಅರ್ಧಕ್ಕರ್ಧ ಹಾಗೇ ಮನೆಗೆ ಬರುತ್ತಿತ್ತು. ನೀರು ಹುಯ್ಯುವಾಗ ಎರಡು ವರ್ಷದ ಮಗುವಿನ ಪಕ್ಕೆಲುಬುಗಳು ಬೆರಳಿಗೆ ಸಿಗುತ್ತಿದ್ದವು.

ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಪಂಚಾಯಿತಿಯವರು ಹಳೇ ಶಾಲೆಯ ಕೋಣೆಗೆ ಬಣ್ಣ ಬಳಿಸಿ ಕೂಸಿನ ಮನೆ ತೆರೆದಿದ್ದರು. ಹಾಲು, ಊಟ ಎಲ್ಲ ಸರ್ಕಾರದ್ದೇ. ಆದರೆ ನೋಡಿಕೊಳ್ಳುವವಳು ಕಾಡಂಚಿನ ಬುಡಕಟ್ಟಿನವರ ಹಾಡಿಯ ಕುಳ್ಳಿ ಎಂದು ಗೊತ್ತಾದಾಗ ಅತ್ತೆ ಕೆಂಪಾಜಮ್ಮ ಮೊಮ್ಮಗನನ್ನು ಕಳಿಸುವುದೇ ಬೇಡವೆಂದು ಹಟ ಹಿಡಿದಳು. ಕೂಲಿ ಬಿಡುವ ಹಾಗಿರಲಿಲ್ಲ. ಊಟ ಮನೆಯಿಂದಲೇ ಕಳಿಸುವುದೆಂದು ಆಶಾರಾಣಿ ದಾರಿ ಕಂಡುಕೊಂಡಳು. ಮೊದಲ ದಿನವೇ ಕುಳ್ಳಿಗೆ ಹೇಳಿದ್ದಳು: ''ಮುಚ್ಚಳ ತೆಗ್ದು ಮುಂದಕ್ಕಿಟ್ಬುಡು, ಸಾಕು. ಒಳಿಕ್ ಕೈ ಹಾಕ್ಬೇಡ ಕಣೆ. ಅವನೇ ತಿನ್ಕತಾನೆ.'' ಕುಳ್ಳಿ ತಲೆಯಾಡಿಸಿದ್ದಳು.

ಮಗನಿಗೂ ಪಾಠವಾಗಿತ್ತು. ಬೆಳಿಗ್ಗೆ ಹೊರಡುವಾಗ ಕೆಂಪಾಜಮ್ಮ, ''ಕುಳ್ಳಿ ತುತ್ತು ಕೊಟ್ರೆ ಏನ್ಲಾ ಮಾಡೀಯೆ?'' ಎಂದು ಕೇಳುತ್ತಿದ್ದಳು. ಅವನು ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಮನೆಯವರೆಲ್ಲ ನಗುತ್ತಿದ್ದರು. ಆಶಾರಾಣಿಯೂ ನಕ್ಕು ಅವನ ಕೆನ್ನೆಗೆ ಮುತ್ತಿಡುತ್ತಿದ್ದಳು.

ಕೂಸಿನ ಮನೆಯ ಕಿಟಕಿಯ ಹತ್ತಿರ ಬಂದವಳು ಅಲ್ಲೇ ನಿಂತಳು. ಮಕ್ಕಳು ಗೋಡೆಗೊರಗಿ ಸಾಲಾಗಿ ಕೂತಿದ್ದವು. ಕುಳ್ಳಿ ಒಂದೇ ತಟ್ಟೆಯಲ್ಲಿ ಅನ್ನ ಸಾರು ಕಲಸಿ, ಆನೆಮರಿಗೊಂದು, ಕಡವೆಮರಿಗೊಂದು ಎನ್ನುತ್ತ ಸಾಲಿನುದ್ದಕ್ಕೂ ತುತ್ತು ಹಾಕುತ್ತ ಬರುತ್ತಿದ್ದಳು. ನಡುವೆ ಯತೀಶ. ಅವನ ಮುಂದೆ ಮುಚ್ಚಳ ತೆಗೆದ ಡಬ್ಬಿ, ಮೊಣಕಾಲ ಮೇಲೆಲ್ಲ ಚೆಲ್ಲಿದ ಅನ್ನ. ತುತ್ತು ಹತ್ತಿರ ಬಂದಾಗ ಅವನೂ ಬಾಯಿ ತೆರೆದ. ಕುಳ್ಳಿ ಕಣ್ಣು ಕೆಳಗೆ ಹಾಕಿ ಮುಂದಿನ ಮಗುವಿಗೆ ದಾಟಿದಳು. ತೆರೆದ ಬಾಯಿ ಒಂದಿಷ್ಟು ಹೊತ್ತು ಹಾಗೇ ಇದ್ದು ಮುಚ್ಚಿಕೊಂಡಿತು. ಮುಂದಿನ ಸುತ್ತು ಬಂತು. ಅವನು ಮತ್ತೆ ಬಾಯಿ ತೆರೆದ.

ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದಿದ್ದ ಬೈಗುಳವನ್ನು ಕಿಟಕಿಯಲ್ಲೇ ಬಿಟ್ಟು ಆಶಾರಾಣಿ ಬಾಗಿಲಿಗೆ ಬಂದಳು. ಬಾಗಿಲಲ್ಲಿ ಅವಳನ್ನು ಕಂಡು ಕುಳ್ಳಿ ಗಾಬರಿಯಿಂದ ಎದ್ದಳು.

''ಮುಟ್ಟಿಲ್ಲ ಅಮ್ಮಾರೆ. ನೀವಂದಂಗೇ ಮುಂದಕ್ಕಿಟ್ಟಿವ್ನಿ. ಮಗ ಚೆಲ್ಕತದೆ.''

ಆಶಾರಾಣಿ ನೆಲ ನೋಡುತ್ತ, ''ಅವನ್ಗೂ ಒಂದ್ ತುತ್ತು ಹಾಕು'' ಅಂದಳು.

ಕುಳ್ಳಿ ನಂಬದೆ ನಿಂತಿದ್ದಳು.

''ಅತ್ತೆಗೆ ನಾ ಹೇಳ್ಕತೀನಿ ಬುಡು. ಹಾಕು.''

ಕುಳ್ಳಿ ಕುಕ್ಕರಗಾಲಲ್ಲಿ ಕೂತು, ಎಲ್ಲರಿಗಿಂತ ಸಣ್ಣದೊಂದು ತುತ್ತು ಮಾಡಿ ಯತೀಶನ ಮುಂದೆ ಹಿಡಿದಳು. ಅವನು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿದ್ದ ಅಮ್ಮ ಕಣ್ಣಿಗೆ ಬಿದ್ದಳು. ತಟ್ಟನೆ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ಕುಳ್ಳಿಯ ಕೈ ಅಲ್ಲೇ ನಿಂತಿತು. ಅವಳು ಮಗುವನ್ನು ನೋಡಿದಳು, ಆಮೇಲೆ ಆಶಾರಾಣಿಯನ್ನು ನೋಡಿದಳು.

ಅಮ್ಮ ಇನ್ನೂ ಯಾಕೆ ನಗಲಿಲ್ಲವೆಂದು ಯತೀಶ ಅಂಗೈಗಳ ಮೇಲಿಂದ ಅವಳನ್ನೇ ನೋಡುತ್ತ ಕೂತ.