ಬೊಂಬಾಯಿಯಿಂದ ಬಂದ ಕುದುರೆ

"ಸುಡು ಅದನ್ನು. ಇಲ್ಲದಿದ್ದರೆ ಈ ಮನೆಯ ಮೆಟ್ಟಿಲು ಇಳಿ."

ಚಂದ್ರರಾಜರ ದನಿ ಚಾವಡಿಯ ತುಂಬ ಮೊಳಗಿತು. ಸೋದರಳಿಯ ಅಜಿತಕುಮಾರ ಬೊಂಬಾಯಿಯಿಂದ ಬಂದು ಇನ್ನೂ ಕೈಕಾಲು ತೊಳೆದಿರಲಿಲ್ಲ. ಚಾಪೆಯ ಮೇಲೆ ಅವನು ಬಿಡಿಸಿಟ್ಟ ದಪ್ಪ ಕಾಗದದಲ್ಲಿ ಅರೆಬೆತ್ತಲೆ ಹೆಂಗಸರು ಒಬ್ಬರೊಳಗೊಬ್ಬರು ಹೆಣೆದುಕೊಂಡು ಕುದುರೆಯಾಗಿ ನಿಂತಿದ್ದರು. ಯುರೋಪಿನ ಯಾವನೋ ಕನಸು ಕಂಡು ಬರೆದದ್ದಂತೆ. ಇದು ಅದರ ಅಚ್ಚಿನ ಪ್ರತಿ, ಮ್ಯೂಸಿಯಮ್ಮಿನಲ್ಲಿ ತೂಗುಹಾಕುವಂಥದ್ದು, ಅಸಲಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವಂತೆ. ಸಂಬಳವನ್ನೆಲ್ಲ ಸುರಿದು ತಂದಿದ್ದಾನೆ, ಬುದ್ಧಿಗೇಡಿ.

ಚಂದ್ರರಾಜರಿಗೆ ಮೈಯೆಲ್ಲ ಉರಿಯಿತು. ಅಳಿಯಸಂತಾನದ ಮನೆ, ತಾವು ಕಣ್ಣು ಮುಚ್ಚಿದ ಮೇಲೆ ಯಜಮಾನಿಕೆ ಇವನದೇ. ಹುಡುಗನಾಗಿದ್ದಾಗಲೂ ತಂಟೆಕೋರನೇ. ಗೋಡೆಗೆ ಮಸಿ ಬಳಿದು, ಕಂಬದ ಸುಣ್ಣ ಕೆರೆದು, ಬಾವಿಗೆ ಕೊಡಪಾನ ಎಸೆದು ಇವರ ಕೈಯಲ್ಲಿ ಪೆಟ್ಟು ತಿಂದವನು. ಈಗ ಇದು. ಮೂಡುಬಿದಿರೆಯಲ್ಲಿ ಸುದ್ದಿ ಹಬ್ಬಿದರೆ ನಾಳೆ ಬಸದಿಯಲ್ಲಿ ನಾಲ್ಕು ಜನರ ಮುಂದೆ ತಲೆಯೆತ್ತುವುದು ಹೇಗೆ?

ವೀಳ್ಯ ಮಡಚಿ ಬಾಯಿಗಿಟ್ಟು, ಬೆರಳಲ್ಲಿ ಉಳಿದ ಸುಣ್ಣವನ್ನು ನಡುಕಂಬಕ್ಕೆ ಒರೆಸಿದರು. ಅವರ ಮಾವನೂ ಅಲ್ಲಿಗೇ ಒರೆಸುತ್ತಿದ್ದರು, ಮಾವನ ಮಾವನೂ. ಕಂಬ ಬುಡದಿಂದ ಎದೆಯೆತ್ತರದವರೆಗೆ ಬೆಳ್ಳಗೆ ಗಡ್ಡೆಗಟ್ಟಿತ್ತು.

"ಅಂಗಡಿಯಲ್ಲಿ ಇದನ್ನು ನೋಡಿದ ಕೂಡಲೇ ನನಗೆ ಮನೆ ನೆನಪಾಯಿತು, ಮಾವ," ಎಂದ ಅಜಿತ.

"ಮನೆಯಾ? ಹೀಗಾ ನಮ್ಮ ಮನೆಯ ಹೆಂಗಸರು ಇರುವುದು?"

ಅಜಿತ ಏನೋ ಹೇಳಹೊರಟ. ಅವರು ಬಿಡಲಿಲ್ಲ.

ತಂಗಿ ಅನಂತಮತಿ ಬಾಗಿಲ ಮರೆಯಲ್ಲಿ ಕಣ್ಣೊರೆಸಿಕೊಂಡಳು. "ಇರುವುದೊಬ್ಬ ಮಗ, ಅಣ್ಣ. ಅವನು ಹೇಳುವುದನ್ನು ಒಮ್ಮೆ ಕೇಳಿ."

"ಕೇಳುವಂಥದ್ದು ಎಂತ ಉಂಟು? ಈ ಮನೆ ಕಟ್ಟಿದ ಹಿರಿಯರು ಇಂಥ ಹೇಸಿಗೆಯನ್ನು ಹೊಸ್ತಿಲು ದಾಟಲು ಬಿಡ್ತಿದ್ದರಾ?"

ಅಜಿತ ಕಂಬವನ್ನೊಮ್ಮೆ, ಮಾವನನ್ನೊಮ್ಮೆ ನೋಡಿದ. ಆಮೇಲೆ ಚಿತ್ರವನ್ನು ಸುರುಳಿ ಸುತ್ತಿ ಟ್ರಂಕು ಎತ್ತಿಕೊಂಡ.

"ಸುಡುವುದಿಲ್ಲ, ಮಾವ. ಹೋಗ್ತೇನೆ."

"ಹೋಗು. ಇನ್ನು ಈ ಮನೆಗೂ ನಿನಗೂ ಸಂಬಂಧ ಇಲ್ಲ."

ಅಂಗಳದಾಚೆ ಬಸ್ಸು ನಿಂತು ಹೊರಟ ಸದ್ದು ಕೇಳಿತು. ಒಳಗೆ ಅನಂತಮತಿಯ ಅಳು. ಚಂದ್ರರಾಜರ ಸಿಟ್ಟು ಇಳಿಯಲಿಲ್ಲ. ಹೊಡೆಯಲು ಎದುರಿಗೆ ಯಾರೂ ಉಳಿದಿರಲಿಲ್ಲ; ಊರುಗೋಲೆತ್ತಿ ನಡುಕಂಬಕ್ಕೇ ಬೀಸಿದರು.

ಸುಣ್ಣದ ಗಡ್ಡೆ ಬಿರಿದು, ಹೆಂಚಿನಗಲದ ಚಕ್ಕೆಯೊಂದು ಕಾಲಬುಡದಲ್ಲಿ ಬಿತ್ತು.

ಹಿರಿಯರು ಕೆತ್ತಿಸಿದ ಮರದಲ್ಲಿ, ಅರೆಬೆತ್ತಲೆ ಹೆಂಗಸರು ಒಬ್ಬರೊಳಗೊಬ್ಬರು ಹೆಣೆದುಕೊಂಡು ಕುದುರೆಯಾಗಿ ನಿಂತಿದ್ದರು.